ಅವನು ಓಡಿದ ಯಾರ್ಡ್ ಬಿಡಿ, ಎದುರಿಗೆ ಯಾರಿದ್ದರು ನೋಡಿ

ಪ್ರಶ್ನೆ: ನಾವು ತುಮಕೂರಿನವರು. ಹನ್ನೊಂದು ವರ್ಷದಿಂದ ಡಲ್ಲಾಸ್ ಹತ್ತಿರ ಇದ್ದೇವೆ. ಮಗನಿಗೆ ಹದಿನಾಲ್ಕು. ಅವನ ದೆಸೆಯಿಂದ ನನಗೂ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹತ್ತಿದೆ. ಶನಿವಾರ ಕಾಲೇಜು ಮ್ಯಾಚು, ಭಾನುವಾರ ವೃತ್ತಿಪರರ ಲೀಗ್ ಎನ್‌ಎಫ್‌ಎಲ್. ಆದರೆ ಏಪ್ರಿಲ್‌ನಲ್ಲಿ ಡ್ರಾಫ್ಟ್, ಅಂದರೆ ಎನ್‌ಎಫ್‌ಎಲ್ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವುದನ್ನು ನೋಡುವಾಗ ಪ್ರತಿ ಸಲ ತಲೆ ಕೆಡುತ್ತದೆ. ಕಾಲೇಜಿನಲ್ಲಿ ರಾಶಿ ರಾಶಿ ಟಚ್‌ಡೌನ್ ಹೊಡೆದವನು ಐದನೇ ರೌಂಡಿಗೆ ಬೀಳುತ್ತಾನೆ. ಹೆಸರೇ ಕೇಳದವನು ಮೊದಲ ರೌಂಡಿನಲ್ಲೇ ಹೋಗುತ್ತಾನೆ. ತಂಡಗಳಿಗೆ ಹುಡುಗರನ್ನು ಹುಡುಕಿಕೊಡುವ ಈ ಸ್ಕೌಟ್‌ಗಳು ಏನು ನೋಡುತ್ತಾರೆ? ಮನೆಯಲ್ಲಿ ಕೂತು ನಾವೂ ಹಾಗೆ ನೋಡಬಹುದಾ?

ಉತ್ತರ: ತಲೆ ಕೆಡುವುದು ನಿಮಗೊಬ್ಬರಿಗೇ ಅಲ್ಲ, ಅದೇ ಕೆಲಸಕ್ಕೆ ಸಂಬಳ ತಗೊಳ್ಳುವವರಿಗೂ ಕೆಡುತ್ತದೆ. 2022ರ ಡ್ರಾಫ್ಟನ್ನೇ ತೆಗೆದುಕೊಳ್ಳಿ. ಮೊದಲ ರೌಂಡಿನಲ್ಲಿ ಹೋದ ಕ್ವಾರ್ಟರ್‌ಬ್ಯಾಕ್, ಅಂದರೆ ಪಾಸ್ ಎಸೆದು ಆಟ ನಡೆಸುವವನು, ಒಬ್ಬನೇ, ಕೆನ್ನಿ ಪಿಕೆಟ್. 20ನೇ ಆಯ್ಕೆ, ಪಿಟ್ಸ್‌ಬರ್ಗ್ ಸ್ಟೀಲರ್ಸ್. ಎರಡು ಸೀಸನ್ ಆದ ಮೇಲೆ ಅವನನ್ನು ಬೇರೆ ತಂಡಕ್ಕೆ ಸಾಗಹಾಕಿದರು. ಅದೇ ಡ್ರಾಫ್ಟಿನ ಕಟ್ಟಕಡೆಯ ಆಯ್ಕೆ, 262ನೆಯದು, ಬ್ರಾಕ್ ಪರ್ಡಿ. ಕೊನೆಯವನಿಗೆ ಇಲ್ಲಿ ತಮಾಷೆಗೆ 'ಮಿಸ್ಟರ್ ಇರ್ರೆಲವೆಂಟ್' ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ. ಆ ಲೆಕ್ಕಕ್ಕಿಲ್ಲದವನು ತನ್ನ ಎರಡನೇ ಸೀಸನ್ನಿನಲ್ಲೇ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡವನ್ನು ಸೂಪರ್ ಬೌಲ್‌ಗೆ, ಅಂದರೆ ಲೀಗಿನ ಫೈನಲ್‌ಗೆ, ಕರೆದೊಯ್ದ.

ಹಾಗಂತ ಸ್ಕೌಟ್‌ಗಳು ಕಣ್ಣು ಮುಚ್ಚಿ ಚೀಟಿ ಎತ್ತುತ್ತಾರೆ ಅಂತ ತಿಳಿಯಬೇಡಿ. ಅವರ ಪ್ರಶ್ನೆಯೇ ಬೇರೆ. ಹುಡುಗ ಎಷ್ಟು ಚೆನ್ನಾಗಿ ಆಡಿದ ಅಂತ ನಾವು ಕೇಳುತ್ತೇವೆ. ಅವನು ಮಾಡಿದ್ದರಲ್ಲಿ ಯಾವುದು ಭಾನುವಾರವೂ ನಡೆಯುತ್ತದೆ ಅಂತ ಅವರು ಕೇಳುತ್ತಾರೆ.

ಕಾಲೇಜಿನ ಮೇಲ್ದರ್ಜೆಯಲ್ಲಿ 130ಕ್ಕೂ ಹೆಚ್ಚು ತಂಡಗಳಿವೆ. ಒಂದೊಂದು ತಂಡಕ್ಕೂ ಮೊನ್ನೆ ಮೊನ್ನೆಯವರೆಗೆ 85 ಸ್ಕಾಲರ್‌ಷಿಪ್ ಇದ್ದವು. ಹತ್ತು ಸಾವಿರದ ಮೇಲೆ ಹುಡುಗರು. ಡ್ರಾಫ್ಟಿನಲ್ಲಿ ಏಳು ರೌಂಡು ಸೇರಿ ಹೋಗುವವರು ಇನ್ನೂರೈವತ್ತು ಚಿಲ್ಲರೆ. ಅಂದರೆ ನಿಮ್ಮ ಹೀರೋ ಶನಿವಾರ ಯಾರನ್ನು ದಾಟಿ ಓಡಿದನೋ, ಅವರಲ್ಲಿ ಬಹುಪಾಲು ಹುಡುಗರು ಡಿಗ್ರಿ ಮುಗಿಸಿ ವಿಮೆ ಕಂಪನಿಗೋ ಬ್ಯಾಂಕಿಗೋ ಹೋಗುವವರು. ಹಾಳೂರಿಗೆ ಉಳಿದವನೇ ಗೌಡ ಅಲ್ವಾ? ಅದಕ್ಕೇ ಸ್ಕೌಟ್ ಮೊದಲು ತೆರೆಯುವುದು ಹನ್ನೆರಡು ಮ್ಯಾಚುಗಳ ಟೇಪನ್ನಲ್ಲ. ಎದುರಿಗೆ ನಿಜವಾದ ಗಟ್ಟಿಗ ಇದ್ದ ಒಂದೆರಡು ಮ್ಯಾಚುಗಳ ಟೇಪನ್ನು.

ನನಗೆ ತುಂಬಾ ಇಷ್ಟವಾದ ಒಂದು ಉದಾಹರಣೆ ಹೇಳುತ್ತೇನೆ. 2019ರ ಅಕ್ಟೋಬರ್. ನಾರ್ತ್‌ವೆಸ್ಟರ್ನ್ ತಂಡ ಓಹಾಯೋ ಸ್ಟೇಟ್ ಎದುರು 52-3ರಲ್ಲಿ ಸೋತಿತು. ಸ್ಕೋರ್ ನೋಡಿದರೆ ಟಿವಿ ಆರಿಸಿ ಮಲಗಬೇಕು. ಆದರೆ ಆ ಮ್ಯಾಚಿನಲ್ಲಿ ನಾರ್ತ್‌ವೆಸ್ಟರ್ನ್‌ನ ಎಡ ಟ್ಯಾಕಲ್, ಅಂದರೆ ಮುಂದಿನ ಸಾಲಿನ ಎಡ ತುದಿಯಲ್ಲಿ ನಿಂತು ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವವನು, ರಶಾನ್ ಸ್ಲೇಟರ್ ಅನ್ನುವ ಹುಡುಗ. ಅವನ ಎದುರಿಗೆ ಎಷ್ಟೋ ಸಲ ನಿಂತವನು ಚೇಸ್ ಯಂಗ್, ಮರುವರ್ಷದ ಡ್ರಾಫ್ಟಿನ ಎರಡನೇ ಆಯ್ಕೆ, ಆ ಸೀಸನ್ನಿನಲ್ಲಿ ಕ್ವಾರ್ಟರ್‌ಬ್ಯಾಕ್‌ಗಳ ನಿದ್ದೆ ಕೆಡಿಸಿದವನು. ಸ್ಲೇಟರ್ ಅವನನ್ನು ಹಿಡಿದು ನಿಲ್ಲಿಸಿದ. ಮುಂದಿನ ವರ್ಷ ಕೋವಿಡ್ ಅಂತ ಸ್ಲೇಟರ್ ಆಡಲೇ ಇಲ್ಲ. ತೋಳೂ ಟ್ಯಾಕಲ್‌ಗೆ ಗಿಡ್ಡ, 33 ಇಂಚು. ಆದರೂ 2021ರಲ್ಲಿ ಚಾರ್ಜರ್ಸ್ ತಂಡ ಅವನನ್ನು 13ನೆಯವನಾಗಿ ಎತ್ತಿಕೊಂಡಿತು. ಮೊದಲ ವರ್ಷವೇ ಲೀಗಿನ ಅತ್ಯುತ್ತಮರನ್ನು ಆರಿಸುವ ಪ್ರೊ ಬೌಲ್‌ಗೆ ಆಯ್ಕೆಯಾದ. ಹೀನಾಯವಾಗಿ ಸೋತ ಆ ಸಂಜೆಯ ಟೇಪು ಅವನ ಮಿಕ್ಕ ಎಷ್ಟೋ ಗೆಲುವುಗಳಿಗಿಂತ ಜಾಸ್ತಿ ಮಾತಾಡಿತ್ತು.

ಎದುರಾಳಿ ಬಿಟ್ಟರೆ ಇನ್ನೊಂದು ವಿಷಯ, ಮನೆಯಲ್ಲಿ ನೋಡುವವರು ಯಾರೂ ಲೆಕ್ಕಕ್ಕೆ ಹಿಡಿಯದ್ದು. ಕಾಲೇಜಿನ ಆಟ ಮತ್ತು ಎನ್‌ಎಫ್‌ಎಲ್ ಆಟ ಒಂದೇ ಅಲ್ಲ. ಮೈದಾನದ ಉದ್ದಕ್ಕೂ ಎರಡು ಸಾಲು ಸಣ್ಣ ಗೆರೆ ಕಾಣುತ್ತವಲ್ಲ, ಹ್ಯಾಶ್ ಮಾರ್ಕ್. ಪ್ರತಿ ಪ್ಲೇ ಶುರುವಾಗುವುದು ಆ ಎರಡು ಸಾಲಿನ ನಡುವೆ. ಕಾಲೇಜಿನಲ್ಲಿ ಎರಡರ ನಡುವಿನ ಅಂತರ 40 ಅಡಿ. ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ. ಹಾಗಾಗಿ ಕಾಲೇಜಿನಲ್ಲಿ ಚೆಂಡು ಒಂದು ಪಕ್ಕಕ್ಕೆ ಸರಿದಿದ್ದರೆ ಇನ್ನೊಂದು ಪಕ್ಕದಲ್ಲಿ ಎಮ್ಮೆ ಮೇಯಿಸುವಷ್ಟು ಜಾಗ. ಅಲ್ಲಿ ಓಡಿದ ಯಾರ್ಡಿಗೂ ಇಲ್ಲಿ ಓಡುವ ಯಾರ್ಡಿಗೂ ಬೆಲೆ ಬೇರೆ. ಕ್ಯಾಚ್ ಹಿಡಿದಾಗ ಕಾಲೇಜಿನಲ್ಲಿ ಒಂದು ಪಾದ ಗೆರೆಯೊಳಗೆ ಬಿದ್ದರೆ ಸಾಕು. ಇಲ್ಲಿ ಎರಡೂ ಬೀಳಬೇಕು. ಪಾಸ್ ಹೋಗುವ ಮುನ್ನ ಮುಂದಿನ ಸಾಲಿನ ದಢೂತಿಗಳು ಕಾಲೇಜಿನಲ್ಲಿ ಮೂರು ಯಾರ್ಡ್‌ವರೆಗೆ ಮುಂದೆ ಹೋಗಬಹುದು, ಇಲ್ಲಿ ಒಂದೇ. ಈ ಎರಡು ಯಾರ್ಡ್ ಏನು ಮಹಾ ಅನ್ನಬೇಡಿ. ಓಡುವ ಹಾಗೆ ಮಾಡಿ ಪಾಸ್ ಎಸೆಯುವ ಆಟ ಕಾಲೇಜಿನಲ್ಲಿ ಅಷ್ಟು ಸಲೀಸಾಗಿ ನಡೆಯುವುದಕ್ಕೆ ಈ ಎರಡು ಯಾರ್ಡ್ ದೊಡ್ಡ ಕಾರಣ. ದಢೂತಿಗಳು ನುಗ್ಗಿ ಬರುತ್ತಿರುವುದು ನೋಡಿ ಡಿಫೆನ್ಸ್‌ನವರು ಇದು ಓಟವೇ ಅಂದುಕೊಳ್ಳುತ್ತಾರೆ. ಅವರ ಬೆನ್ನ ಹಿಂದೆ ಜಾಗ ಖಾಲಿ. ಅಲ್ಲಿಗೆ ಯಾರು ಬೇಕಾದರೂ ಎಸೆಯಬಹುದು.

ಅದಕ್ಕೇ ಕ್ವಾರ್ಟರ್‌ಬ್ಯಾಕ್‌ನ ಟೇಪ್ ನೋಡುವಾಗ ಅನುಭವಸ್ಥರು ಅಂಥ ಪಾಸುಗಳನ್ನೆಲ್ಲ ಮನಸ್ಸಿನಲ್ಲೇ ಗುಡಿಸಿ ಬದಿಗಿಡುತ್ತಾರೆ. ಮೂವತ್ತೈದು ಪಾಸ್ ಎಸೆದಿದ್ದರೆ ನಿಜವಾಗಿ ನೋಡಬೇಕಾದ್ದು ಎಂಟೋ ಹತ್ತೋ. ಮೂರನೇ ಡೌನ್, ಅಂದರೆ ಹತ್ತು ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು, ಇನ್ನೂ ಎಂಟು ಯಾರ್ಡ್ ಬೇಕು, ಎಲ್ಲರಿಗೂ ಪಾಸ್ ಅಂತ ಗೊತ್ತು. ಮೊದಲು ನೋಡಿದ ಜೊತೆಗಾರನಿಗೆ ಎದುರಾಳಿ ಅಂಟಿಕೊಂಡಿದ್ದಾನೆ. ಈಗ ಇವನ ಕಣ್ಣು ಎಲ್ಲಿ ಹೋಗುತ್ತದೆ? ಎರಡನೆಯವನ ಕಡೆಗಾ, ತನ್ನ ಮೇಲೆ ಬೀಳಲು ಬರುತ್ತಿರುವವನ ಕಡೆಗಾ? ಕಾಲು ನೆಲದ ಮೇಲೆ ಇರುತ್ತದಾ, ಕುಣಿಯಲು ಶುರುವಾಗುತ್ತದಾ? ಮೊದಲ ಉಪಾಯ ಕೈಕೊಟ್ಟ ಕ್ಷಣ ಹುಡುಗ ಏನು ಮಾಡುತ್ತಾನೆ, ಅದನ್ನು ನೋಡಬೇಕು. ಕಾಲೇಜಿನಲ್ಲಿ ಮೊದಲ ಉಪಾಯ ಸಾಮಾನ್ಯವಾಗಿ ಕೈಕೊಡುವುದಿಲ್ಲ. ಎನ್‌ಎಫ್‌ಎಲ್‌ನಲ್ಲಿ ದಿನಾ ಕೈಕೊಡುತ್ತದೆ.

ಪಾಸ್ ಹಿಡಿಯುವ ರಿಸೀವರ್‌ಗಳದ್ದೂ ಹೀಗೇ. ನಾನು ಹತ್ತು ವರ್ಷ ಒಂದು ಸಣ್ಣ ಕಾಲೇಜು ತಂಡಕ್ಕೆ ಟೇಪ್ ಕತ್ತರಿಸುವ ಕೆಲಸ ಮಾಡಿದವನು. ಅಲ್ಲಿ ನಮಗೆ ಬರುತ್ತಿದ್ದದ್ದು ಇಪ್ಪತ್ತೆರಡೂ ಜನ ಕಾಣುವಂತೆ ಎತ್ತರದಿಂದ ತೆಗೆದ ಚಿತ್ರ. ಮೊದಮೊದಲು ನಾನೂ ಕ್ಯಾಚ್‌ಗಳನ್ನೇ ನೋಡುತ್ತಿದ್ದೆ. ಒಬ್ಬ ಹಳೇ ಕೋಚ್ ಬಂದು ಪರದೆಯ ಮೇಲೆ ಕೈ ಅಡ್ಡ ಹಿಡಿದರು. "ಚೆಂಡು ಬರುವ ಮುಂಚೆ ನೋಡೋ" ಅಂದರು. ಅವರ ಮಾತು ಅಷ್ಟೇ. ಎದುರಾಳಿ ಮೂಗಿಗೆ ಮೂಗು ತಾಗಿಸಿ ನಿಂತು ಎದೆಗೆ ಕೈಯಿಟ್ಟು ತಳ್ಳುತ್ತಾನಲ್ಲ, ಆಗ ಮೊದಲ ಎರಡು ಹೆಜ್ಜೆಯಲ್ಲಿ ಇವನು ತಪ್ಪಿಸಿಕೊಳ್ಳುತ್ತಾನಾ? ಕಾಲೇಜಿನಲ್ಲಿ ಎಷ್ಟೋ ರಿಸೀವರ್‌ಗಳಿಗೆ ಆ ತಳ್ಳಾಟದ ಅನುಭವವೇ ಇರುವುದಿಲ್ಲ. ಎದುರಾಳಿ ಏಳೆಂಟು ಯಾರ್ಡ್ ದೂರ ನಿಂತಿರುತ್ತಾನೆ, ಇವನು ರಾಜಾರೋಷವಾಗಿ ಓಡುತ್ತಾನೆ. ಆಮೇಲೆ ನಿಲ್ಲುವುದು. ಪೂರಾ ಜೋರಿನಲ್ಲಿ ಓಡುತ್ತಿದ್ದವನು ಎಷ್ಟು ಹೆಜ್ಜೆಯಲ್ಲಿ ನಿಂತು ತಿರುಗುತ್ತಾನೆ? ಓಡುವುದಕ್ಕಿಂತ ನಿಲ್ಲುವುದು ಕಷ್ಟದ ವಿದ್ಯೆ.

ಕೂಪರ್ ಕಪ್ ಅಂಥವನು. ಈಸ್ಟರ್ನ್ ವಾಷಿಂಗ್ಟನ್, ಮೇಲ್ದರ್ಜೆಯೂ ಅಲ್ಲದ ಕಾಲೇಜು. 40 ಯಾರ್ಡ್ ಓಟದಲ್ಲಿ 4.62 ಸೆಕೆಂಡ್, ರಿಸೀವರ್‌ಗೆ ನಿಧಾನವೇ. 2017ರಲ್ಲಿ ಮೂರನೇ ರೌಂಡು, 69ನೇ ಆಯ್ಕೆ. ಆದರೆ 2015ರಲ್ಲಿ ಒರೆಗಾನ್‌ನಂಥ ದೊಡ್ಡ ತಂಡದ ಎದುರು ಅವನು 246 ಯಾರ್ಡ್ ಹಿಡಿದಿದ್ದ. ಎದುರಾಳಿ ಗಟ್ಟಿಯಾದರೂ ಅವನ ಆಟ ಸಣ್ಣದಾಗಿರಲಿಲ್ಲ. 2021ರ ಸೀಸನ್ನಿನಲ್ಲಿ ಕ್ಯಾಚು, ಯಾರ್ಡು, ಟಚ್‌ಡೌನ್ ಮೂರರಲ್ಲೂ ಇಡೀ ಲೀಗಿಗೆ ಅವನೇ ಮೊದಲು.

ಹಾಗಾದರೆ ಆ ಓಟದ ಪರೀಕ್ಷೆ ಸುಮ್ನೆ ತೋರಿಕೆಗಾ ಅಂತ ಕೇಳುತ್ತೀರಿ. ಪೂರ್ತಿ ಅಲ್ಲ. ಅದು 'ಕಂಬೈನ್', ಡ್ರಾಫ್ಟಿಗೆ ಮುಂಚೆ ಹುಡುಗರನ್ನೆಲ್ಲ ಒಂದೆಡೆ ಸೇರಿಸಿ ಮಾಡುವ ಪರೀಕ್ಷೆ. 1987ರಿಂದ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುತ್ತಿದೆ, ಫೆಬ್ರವರಿ ಕೊನೆಗೆ. ಮುನ್ನೂರಕ್ಕೂ ಹೆಚ್ಚು ಹುಡುಗರು. 40 ಯಾರ್ಡ್, ಅಂದರೆ ಮೂವತ್ತಾರೂವರೆ ಮೀಟರ್ ಓಟ. ನಿಂತಲ್ಲಿಂದ ಎತ್ತರಕ್ಕೆ ಜಿಗಿತ, ಉದ್ದಕ್ಕೆ ಜಿಗಿತ. 102 ಕೆಜಿ ಭಾರವನ್ನು ಮಲಗಿ ಎಷ್ಟು ಸಲ ಎತ್ತುತ್ತಾರೆ ಅಂತ ಎಣಿಕೆ. ಟಿವಿಯವರಿಗೆ ಇದು ಹಬ್ಬ. ಓಟದ ದಾಖಲೆ 4.21 ಸೆಕೆಂಡ್, 2024ರಲ್ಲಿ ಝೇವಿಯರ್ ವರ್ದಿ ಓಡಿದ್ದು. ಅದಕ್ಕೂ ಮುಂಚಿನ ದಾಖಲೆ 4.22, 2017ರಲ್ಲಿ ಜಾನ್ ರಾಸ್‌ನದ್ದು. ಆ ಓಟದ ಬಲದ ಮೇಲೆ ರಾಸ್ 9ನೆಯವನಾಗಿ ಸಿನ್ಸಿನಾಟಿಗೆ ಹೋದ. ಗಾಯಗಳು ಬೆನ್ನು ಬಿಡಲಿಲ್ಲ, ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. 10ನೆಯವನಾಗಿ ಹೋದವನ ಹೆಸರು ಪ್ಯಾಟ್ರಿಕ್ ಮಹೋಮ್ಸ್, ಮುಂದೆ ಲೀಗಿನ ದೊಡ್ಡ ಕ್ವಾರ್ಟರ್‌ಬ್ಯಾಕ್ ಆದವನು.

ಇನ್ನೊಂದು ತಮಾಷೆ, ನಿಮ್ಮ ಮಗನಿಗೆ ಹೇಳಿ. 2019ರಲ್ಲಿ ಡಿ.ಕೆ. ಮೆಟ್‌ಕಾಫ್ ಅನ್ನುವ ರಿಸೀವರ್ ಅಂಗಿ ತೆಗೆದು ನಿಂತ ಫೋಟೊ ನೋಡಿ ದೇಶವೇ ದಂಗಾಗಿತ್ತು. ನೂರು ಕೆಜಿ ಮೀರಿದ ಮೈ, 4.33 ಸೆಕೆಂಡ್ ಓಟ. ಆದರೆ ಮೂರು ಕೋನ್‌ಗಳ ಸುತ್ತ ತಿರುಗಿ ಓಡುವ ಪರೀಕ್ಷೆಯಲ್ಲಿ ಅವನಿಗೆ ಹಿಡಿದದ್ದು 7.38 ಸೆಕೆಂಡ್. 2000ದಲ್ಲಿ ಅದೇ ಪರೀಕ್ಷೆಯನ್ನು ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಮುಗಿಸಿದ್ದು 7.20ಕ್ಕೆ. ಅದೇ ಬ್ರೇಡಿ, 40 ಯಾರ್ಡಿಗೆ 5.28 ಸೆಕೆಂಡ್ ತಗೊಂಡು, ಆರನೇ ರೌಂಡಿಗೆ, 199ನೇ ಆಯ್ಕೆಗೆ ಬಿದ್ದವನು. ಮೆಟ್‌ಕಾಫ್ 64ನೆಯವನಾಗಿ ಸಿಯಾಟಲ್‌ಗೆ ಹೋಗಿ ಚೆನ್ನಾಗಿಯೇ ಆಡಿದ. ನೇರಕ್ಕೆ ಓಡಿಸಿದರು, ಸುತ್ತಿ ಸುತ್ತಿ ಓಡಿಸಲಿಲ್ಲ. ಬ್ರೇಡಿಯ ಕಥೆ ನಿಮಗೆ ಗೊತ್ತೇ ಇದೆ, ಏಳು ಸೂಪರ್ ಬೌಲ್.

ನಾನು ಕಂಬೈನನ್ನು ಹೀಗೆ ಬಳಸುತ್ತೇನೆ. ಟೇಪಿನಲ್ಲಿ ಕಂಡದ್ದಕ್ಕೂ ಗಡಿಯಾರ ಹೇಳಿದ್ದಕ್ಕೂ ತಾಳೆಯಾದರೆ ಮುಂದೆ ಹೋಗುತ್ತೇನೆ. ತಾಳೆಯಾಗದಿದ್ದರೆ ಮತ್ತೆ ಟೇಪಿಗೆ ಬರುತ್ತೇನೆ. 2018ರಲ್ಲಿ ಓಕ್ಲಹೋಮದ ಟ್ಯಾಕಲ್ ಒರ್ಲ್ಯಾಂಡೊ ಬ್ರೌನ್ ಜೂನಿಯರ್ ಕಂಬೈನ್‌ನಲ್ಲಿ ಮಾನ ಕಳೆದುಕೊಂಡ. ಓಟ 5.85 ಸೆಕೆಂಡ್. ಭಾರ ಎತ್ತಿದ್ದು 14 ಸಲ, ಅವನ ಗಾತ್ರಕ್ಕೆ ಅದು ನಗೆಪಾಟಲು. ಮೊದಲ ರೌಂಡಿನವನು ಅಂದುಕೊಂಡಿದ್ದವನು ಮೂರನೆಯದಕ್ಕೆ, 83ನೇ ಆಯ್ಕೆಗೆ ಜಾರಿದ. ಆದರೆ ಟ್ಯಾಕಲ್ ಆದವನು ಮ್ಯಾಚಿನಲ್ಲಿ 40 ಯಾರ್ಡ್ ಎಲ್ಲಿಗೆ ಓಡುತ್ತಾನೆ ಹೇಳಿ? ಕಾಲೇಜಿನಲ್ಲಿ ಅವನು ಕಾಯುತ್ತಿದ್ದದ್ದು ಬೇಕರ್ ಮೇಫೀಲ್ಡ್‌ನನ್ನು, ಅದೇ ಡ್ರಾಫ್ಟಿನ ಮೊದಲ ಆಯ್ಕೆಯವನನ್ನು. ಆ ಟೇಪು ಎಲ್ಲರ ಹತ್ತಿರವೂ ಇತ್ತು. ಬ್ರೌನ್ ಆಮೇಲೆ ಪ್ರೊ ಬೌಲ್‌ಗೂ ಹೋದ, ಕಾನ್ಸಾಸ್ ಸಿಟಿ ಜೊತೆ ಸೂಪರ್ ಬೌಲನ್ನೂ ಗೆದ್ದ.

ಅಂದಹಾಗೆ ಕಂಬೈನ್‌ನಲ್ಲಿ ತಂಡಗಳಿಗೆ ನಿಜವಾಗಿ ಬೇಕಾದ್ದು ಟಿವಿಯಲ್ಲಿ ಬರುವುದೇ ಇಲ್ಲ. ಅದು ಡಾಕ್ಟರ್ ಪರೀಕ್ಷೆ. ಎಲ್ಲ ತಂಡಗಳ ವೈದ್ಯರೂ ಒಂದೇ ಕಡೆ ಸೇರಿ ಹುಡುಗರ ಮಂಡಿ, ಭುಜ, ಬೆನ್ನು ತಿರುಗಿಸಿ ನೋಡುತ್ತಾರೆ. ಡ್ರಾಫ್ಟ್ ದಿನ ಒಬ್ಬ ಯಾಕೋ ಬೀಳುತ್ತಿದ್ದಾನೆ, ಟಿವಿಯವರಿಗೂ ಕಾರಣ ಹೊಳೆಯುತ್ತಿಲ್ಲ ಅಂದರೆ ಅರ್ಧ ಸಲ ಉತ್ತರ ಯಾವುದೋ ಎಂಆರ್‌ಐ ಚಿತ್ರದಲ್ಲಿರುತ್ತದೆ. ಬುದ್ಧಿ ಅಳೆಯುವ ಪರೀಕ್ಷೆಗಳಿಗೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಹನ್ನೆರಡು ನಿಮಿಷದಲ್ಲಿ ಐವತ್ತು ಪ್ರಶ್ನೆಯ ವಂಡರ್ಲಿಕ್ ಅನ್ನು 2022ರಲ್ಲಿ ಕಂಬೈನ್‌ನಿಂದಲೇ ತೆಗೆದರು. 2023ರಲ್ಲಿ ಸಿ.ಜೆ. ಸ್ಟ್ರೌಡ್ ಇನ್ನೊಂದು ಪರೀಕ್ಷೆಯಲ್ಲಿ ಕಮ್ಮಿ ಅಂಕ ತೆಗೆದ ಅಂತ ಸುದ್ದಿ ಹಬ್ಬಿತು. ಅವನು ಹ್ಯೂಸ್ಟನ್‌ಗೆ ಹೋಗಿ ಆ ವರ್ಷದ ಅತ್ಯುತ್ತಮ ಹೊಸ ಆಫೆನ್ಸ್ ಆಟಗಾರನಾದ.

ವಯಸ್ಸು ಮಾತ್ರ ನೋಡಿ. 2021ರ ಜುಲೈಯಿಂದ ಕಾಲೇಜು ಹುಡುಗರು ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು. ಕೋವಿಡ್‌ನಿಂದ ಒಂದು ವರ್ಷ ಜಾಸ್ತಿ ಆಡಲೂ ಸಿಕ್ಕಿತ್ತು. ಹಾಗಾಗಿ ಇಪ್ಪತ್ನಾಲ್ಕರವರೂ ಕಾಲೇಜಿನಲ್ಲೇ ಆಡುತ್ತಿರುವುದು ಈಗ ಮಾಮೂಲು. ಇಪ್ಪತ್ನಾಲ್ಕರ ಗಂಡಸು ಹತ್ತೊಂಬತ್ತರ ಹುಡುಗನನ್ನು ಎತ್ತಿ ಒಗೆದರೆ ಅದಕ್ಕೆ ಚಪ್ಪಾಳೆ ಹೊಡೆಯಬಹುದು, ಮೊದಲ ರೌಂಡಿನ ಬೆಲೆ ಕೊಡಲಾಗುವುದಿಲ್ಲ.

ಇಷ್ಟೆಲ್ಲ ಹೇಳುವ ನಾನೂ ಎಡವಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. 2018ರಲ್ಲಿ ಜೋಶ್ ಆಲೆನ್ ಬಗ್ಗೆ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ, ಇವನು ಆಗುವುದಿಲ್ಲ ಅಂತ. ವಯೋಮಿಂಗ್ ಅನ್ನುವ ಸಣ್ಣ ಕಾಲೇಜು. ನೂರು ಪಾಸ್ ಎಸೆದರೆ ಗುರಿ ಮುಟ್ಟುತ್ತಿದ್ದದ್ದು ಐವತ್ತಾರು. ದೊಡ್ಡ ತಂಡ ಎದುರಾದಾಗ ಆಟ ಇನ್ನೂ ಕೆಡುತ್ತಿತ್ತು. ನನ್ನ ಎಲ್ಲ ಸೂತ್ರದ ಪ್ರಕಾರವೂ ಫೇಲು. ಬಫಲೊ ತಂಡ ಅವನನ್ನು 7ನೆಯವನಾಗಿ ತಗೊಂಡಾಗ ನಾನು ನಕ್ಕಿದ್ದೆ. ಮೊದಲ ವರ್ಷ ನೂರಕ್ಕೆ ಐವತ್ಮೂರರ ಹತ್ತಿರ ನಿಂತ, ನಾನು ಇನ್ನೂ ಜೋರಾಗಿ ನಕ್ಕೆ. 2020ರಲ್ಲಿ ಅದು 69 ದಾಟಿತು. 2024ಕ್ಕೆ ಲೀಗಿನ ಅತ್ಯಮೂಲ್ಯ ಆಟಗಾರ.

ನಾನು ಎಲ್ಲಿ ತಪ್ಪಿದೆ? ಟೇಪಿನಲ್ಲಿದ್ದ ತಪ್ಪುಗಳೆಲ್ಲ ನಿಜವಾಗಿ ಇದ್ದವು. ಆದರೆ ಯಾವ ತಪ್ಪು ತಿದ್ದಬಹುದಾದ್ದು, ಯಾವುದು ಹುಟ್ಟುಗುಣ ಅಂತ ನಾನು ಬೇರೆ ಮಾಡಲಿಲ್ಲ. ಪಾಸ್ ಎಸೆಯುವಾಗ ಪಾದ ಮತ್ತು ಸೊಂಟ ತಾಳ ತಪ್ಪುತ್ತಿದ್ದವು. ಅದನ್ನು ಕೂತು ತಿದ್ದಬಹುದು, ತಿದ್ದಿಕೊಂಡ. ಆ ತೋಳಿನ ಕಸುವನ್ನು ಯಾವ ಕೋಚೂ ಕಲಿಸಲಾರ. ಜೊತೆಗೆ ಬಫಲೊದವರು ಕಾದರು. ಈ ಕಾಯುವುದಿದೆಯಲ್ಲ, ಅದು ಯಾವ ಸ್ಕೌಟ್ ವರದಿಯಲ್ಲೂ ಬರುವುದಿಲ್ಲ.

ಮಹೋಮ್ಸ್‌ಗೂ ಅದೇ ಸಿಕ್ಕಿತು. 2017ರಲ್ಲಿ ಅವನಿಗಿಂತ ಮೊದಲು, 2ನೆಯವನಾಗಿ, ಶಿಕಾಗೊ ಬೇರ್ಸ್ ಎತ್ತಿಕೊಂಡದ್ದು ಮಿಚೆಲ್ ಟ್ರುಬಿಸ್ಕಿಯನ್ನು. ಕಾಲೇಜಿನಲ್ಲಿ ಶುರುವಿನಿಂದ ಇಳಿದು ಆಡಿದ ಮ್ಯಾಚು ಬರೀ 13. ಅವನನ್ನು ಮೊದಲ ವರ್ಷವೇ ಮೈದಾನಕ್ಕೆ ತಳ್ಳಿದರು, ಅವನು ನಿರೀಕ್ಷೆಯಷ್ಟು ಬೆಳೆಯಲಿಲ್ಲ. ಮಹೋಮ್ಸ್ ಮಾತ್ರ ಆಂಡಿ ರೀಡ್ ಎಂಬ ಪಳಗಿದ ಕೋಚ್ ಕೈಗೆ ಬಿದ್ದ. ಮುಂದೆ ಆಲೆಕ್ಸ್ ಸ್ಮಿತ್ ಅನ್ನುವ ಅನುಭವಿ ಇದ್ದ. ಮಹೋಮ್ಸ್ ಒಂದು ವರ್ಷ ಕೂತು ನೋಡಿದ, ಕೊನೆಯ ಒಂದು ಮ್ಯಾಚು ಆಡಿದ. ಮರುವರ್ಷ 50 ಟಚ್‌ಡೌನ್ ಪಾಸ್. ಇಬ್ಬರ ಜಾಗ ಅದಲುಬದಲಾಗಿದ್ದರೆ ಇಬ್ಬರೂ ಹೀಗೇ ಆಗುತ್ತಿದ್ದರು ಅಂತ ನಾನಂತೂ ಪಣ ಕಟ್ಟಲಾರೆ. ಐಪಿಎಲ್ ಹರಾಜಿನಲ್ಲಿ ದುಡ್ಡಿದ್ದವರು ಕೂಗಿ ಕೊಳ್ಳುತ್ತಾರೆ. ಇಲ್ಲಿ ಹಿಂದಿನ ವರ್ಷ ತೀರಾ ಸೋತವರಿಗೇ ಮೊದಲ ಸರದಿ. ಅಂದರೆ ಒಳ್ಳೇ ಹುಡುಗ ಹೋಗಿ ಸೇರುವುದು ಸಾಮಾನ್ಯವಾಗಿ ಎಲ್ಲವೂ ಕೆಟ್ಟಿರುವ ಮನೆಗೆ.

ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್, ಅವರ ಜೊತೆ ಕೇಡ್ ಮ್ಯಾಸಿ ಅನ್ನುವ ಇನ್ನೊಬ್ಬ ಸಂಶೋಧಕರು ಈ ಡ್ರಾಫ್ಟನ್ನೇ ಕೂತು ಲೆಕ್ಕ ಹಾಕಿದ್ದಾರೆ. ಒಂದೇ ಜಾಗದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು, ಅವನ ನಂತರ ಬಂದವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ ನಾಣ್ಯ ಚಿಮ್ಮುವುದಕ್ಕಿಂತ ಸ್ವಲ್ಪವೇ ಮೇಲು. ನಾನು ತಂಡ ನಡೆಸುವವನಾಗಿದ್ದರೆ ಮೇಲಿನ ಒಂದು ಆಯ್ಕೆಯನ್ನು ಕೊಟ್ಟು ಕೆಳಗಿನ ಎರಡು ಮೂರು ತಗೊಳ್ಳುತ್ತಿದ್ದೆ. ಆದರೆ ಹಾಗೆ ಮಾಡಿದವನ ಫೋಟೊ ಮರುದಿನ ಪೇಪರಿನಲ್ಲಿ ಬರುವುದಿಲ್ಲ, ಅದೊಂದು ಕಷ್ಟ.

ಇನ್ನು ಮನೆಯಲ್ಲಿ ನೋಡುವುದು. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ರಿಸೀವರ್ ಎರಡು ಸೆಕೆಂಡಿಗೆಲ್ಲ ಪರದೆಯಿಂದ ಆಚೆ. ಹಾಗಾಗಿ ರಿಸೀವರ್‌ಗಳಿಂದ ಶುರು ಮಾಡಬೇಡಿ. ಪ್ರತಿ ಪ್ಲೇನಲ್ಲೂ ಮೊದಲಿನಿಂದ ಕಾಣುವವರು ಮುಂದಿನ ಸಾಲಿನವರು. ಮುಂದಿನ ಶನಿವಾರ ಎರಡು ಒಳ್ಳೇ ತಂಡಗಳ ಮ್ಯಾಚು ಆರಿಸಿಕೊಳ್ಳಿ. ನೀವು ಒಂದು ಕಡೆಯ ಎಡ ಟ್ಯಾಕಲ್‌ನನ್ನು ಹಿಡಿದುಕೊಳ್ಳಿ, ಮಗನಿಗೆ ಅವನ ಮೇಲೆ ನುಗ್ಗುವವನನ್ನು ಕೊಡಿ. ಮೂರನೇ ಡೌನ್‌ಗಳನ್ನು ಮಾತ್ರ ಎಣಿಸಿ, ಹತ್ತಾದರೆ ಸಾಕು. ಚೆಂಡು ಎಲ್ಲಿ ಹೋಯಿತು ಅಂತ ತಿರುಗಬೇಡಿ. ಯಾರ ಪಾದ ಮೊದಲು ಹಿಂದೆ ಸರಿಯಿತು, ಯಾರ ಕೈ ಮೊದಲು ಎದೆಗೆ ತಾಗಿತು, ಅಷ್ಟನ್ನೇ ಒಂದು ಕಾಗದದ ಮೇಲೆ ಗೀಚಿ. ಮೊದಲ ದಿನ ಬೇಜಾರಾಗುತ್ತದೆ. ಟಚ್‌ಡೌನ್ ಆದದ್ದೇ ಗೊತ್ತಾಗದೆ ಮಗ ರೇಗಬಹುದು. ಮೂರನೇ ಶನಿವಾರದ ಹೊತ್ತಿಗೆ ಅವನೇ ನಿಮ್ಮ ಕೈಯಿಂದ ರಿಮೋಟ್ ಕಿತ್ತುಕೊಂಡು ಹಿಂದಕ್ಕೆ ಓಡಿಸಿ ತೋರಿಸುತ್ತಾನೆ, ನೋಡಿ.